ಇಟಲಿಯ ಹಳೇ ಚಿತ್ರದಲ್ಲಿ ಒಳ್ಳೆಯದು ಯಾರು, ಕೆಟ್ಟದ್ದು ಯಾರು? ಗರಡಿ ಮನೆ ಗೋಡೆಗೆ ಬರೆಯಬೇಕಿದೆ

ಕುಂಚ_ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಬೋರ್ಡ್ ಬರೆಯುವವನು. ಇಪ್ಪತ್ತೆಂಟು ವರ್ಷ ಆಯಿತು. ಅಕ್ಕಿ ಮಿಲ್ಲಿನ ಗೋಡೆ, ಲಾರಿ ಹಿಂದಿನ ನವಿಲು, ಗೊಬ್ಬರದ ಅಂಗಡಿ ಶಟರ್, ಎಲ್ಲಾ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಅರ್ಧಕ್ಕೆ ಇಳಿದಿದೆ. ಈಗ ದೇವಸ್ಥಾನದ ಕಮಾನು, ಶಾಲೆ ಕಾಂಪೌಂಡು, ಇಂಥದ್ದೇ ಗತಿ.

ಹೋದ ತಿಂಗಳು ನಮ್ಮ ಓಣಿಯ ಗರಡಿ ಮನೆಯಿಂದ ಕರೆ ಬಂತು. ಒಳಗಿನ ಗೋಡೆ, ಹದಿನಾಲ್ಕು ಅಡಿ ಅಗಲ, ಹತ್ತು ಅಡಿ ಎತ್ತರ. ಒಂದು ಗೋಡೆಗೆ ಹನುಮಪ್ಪ ಆಗಲೇ ಇದ್ದಾನೆ. ಅಂಜನಾದ್ರಿ ಪಕ್ಕದಲ್ಲೇ ಇಟ್ಟುಕೊಂಡು ಹನುಮಪ್ಪ ಇಲ್ಲದ ಗರಡಿ ಎಲ್ಲಿ ಸಿಗುತ್ತೆ ಹೇಳಿ. ಅವನನ್ನು ಮುಟ್ಟುವ ಹಾಗಿಲ್ಲ. ಎದುರಿನ ಗೋಡೆಗೆ "ಒಳ್ಳೇದು ಕೆಟ್ಟದ್ದನ್ನ ಮಣಿಸೋ ಚಿತ್ರ ಬೇಕು" ಅಂದರು ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು. ಕೆಟ್ಟದ್ದು ಅಂದರೆ ಏನು ಬರೆಯಲಿ ಅಂತ ಕೇಳಿದೆ. "ಕುಡಿತ, ಇಸ್ಪೀಟು, ಗುಟ್ಕಾ, ಸೋಂಬೇರಿತನ. ಎಲ್ಲಾ ಕೂಡಿಸಿ ಒಬ್ಬನೇ ಮನುಷ್ಯನ್ನ ಮಾಡು" ಅಂದರು. ಹೇಳುವುದು ಸುಲಭ ಅಲ್ವಾ.

ನನ್ನ ಮಗಳು ಚಿತ್ರಕಲೆ ಓದುತ್ತಿದ್ದಾಳೆ. ಅವಳಿಗೆ ಫೋನ್ ಮಾಡಿದೆ. ಕ್ಲಾಸಿನಲ್ಲಿ ತೋರಿಸಿದ್ದು ಅಂತ ಒಂದು ಚಿತ್ರ ವಾಟ್ಸಾಪ್ ಮಾಡಿದಳು. ಇಟಲಿಯದು, 16ನೇ ಶತಮಾನದ್ದು, ಸದ್ಗುಣ ದುರ್ಗುಣದ ಹೋರಾಟ ಅಂತೆ. ಬರೆದವರ ಹೆಸರು ಸ್ಕ್ರೀನ್‌ಶಾಟಿನಲ್ಲಿ ಕತ್ತರಿಸಿ ಹೋಗಿದೆ. ಪರೀಕ್ಷೆ ಇದೆ, ಆಮೇಲೆ ಹೇಳುತ್ತೇನೆ ಅಂದವಳು ಇನ್ನೂ ಹೇಳಿಲ್ಲ.

ಚಿತ್ರ ಹೀಗಿದೆ. ಕಂದು ಮಸಿಯಲ್ಲಿ ಎರಡು ಹೆಂಗಸರು. ಒಬ್ಬಳ ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಈಟಿ. ಇನ್ನೊಬ್ಬಳು ಕೆಳಗೆ ಬಿದ್ದಿದ್ದಾಳೆ, ಕೈಯಲ್ಲಿ ಮುಖವಾಡ. ಮೇಲಿನವಳ ಮಂಡಿ ಕೆಳಗಿನವಳ ಸೊಂಟದ ಮೇಲಿದೆ. ಆದರೆ ಮೇಲಿನವಳ ಮುಖ ಒಂದು ಕಡೆ, ಎದೆ ಒಂದು ಕಡೆ, ಪಾದ ಇನ್ನೊಂದು ಕಡೆ. ಕುತ್ತಿಗೆ ಕೊಕ್ಕರೆ ಥರ. ಈಗಲೋ ಆಗಲೋ ಬಿದ್ದುಬಿಡುತ್ತಾಳೆ ಅನ್ನಿಸುತ್ತೆ. ಕೆಳಗಿನವಳು ಮಾತ್ರ ಮಧ್ಯಾಹ್ನ ಉಂಡು ಮಲಗಿದವಳ ಹಾಗೆ ಆರಾಮಾಗಿದ್ದಾಳೆ. ಚೆಲುವೆಯೂ ಅವಳೇ. ಜೊತೆಗೆ ಈಟಿಯ ಹತ್ತಿರ ಒಂದು ಕೈ ಜಾಸ್ತಿ ಇದೆ. ಮೂರು ಸಲ ಎಣಿಸಿದೆ. ಇಬ್ಬರಿಗೆ ಐದು ಕೈ.

ನನಗೆ ಗೊತ್ತಾಗದೇ ಇರುವುದು ಇದು. ಇವರಲ್ಲಿ ಸದ್ಗುಣ ಯಾರು ಅಂತ ಗ್ಯಾರಂಟಿಯಾಗಿ ಹೇಳುವುದು ಹೇಗೆ? ಇಷ್ಟು ಚೆನ್ನಾಗಿ ಗೆರೆ ಎಳೆಯಬಲ್ಲವನಿಗೆ ಮೈಕಟ್ಟಿನ ಅಳತೆ ಗೊತ್ತಿರಲಿಲ್ವಾ? ಸುಮ್ನೆ ಕೇಳುತ್ತಿಲ್ಲ, ಇದನ್ನೇ ಚೌಕ ಹಾಕಿ ಗೋಡೆಗೆ ದೊಡ್ಡದು ಮಾಡಬೇಕು ಅಂತಿದ್ದೇನೆ. ಇನ್ನೊಂದು ತೊಂದರೆ. ಗರಡಿಯೊಳಗೆ ಹೆಂಗಸರ ಚಿತ್ರ ಬೇಡ ಅಂತ ವಸ್ತಾದರು ಖಡಾಖಂಡಿತ ಹೇಳಿದ್ದಾರೆ. ಈ ಇಟಲಿಯವರು ಎಲ್ಲದಕ್ಕೂ ಹೆಂಗಸರನ್ನೇ ಯಾಕೆ ಬರೆದರು?

ರಾಯಚೂರು_ಡ್ರಾಯಿಂಗ್_ಮಾಸ್ತರ

ಕುಂಚದವರೇ, ಹೈಸ್ಕೂಲ್ ಹುಡುಗರಿಂದ ಹೂಜಿ, ಬದನೆಕಾಯಿ ಬರೆಸಿ ಬರೆಸಿ ನಿವೃತ್ತಿಯಾದವನು ನಾನು. ಇಂಥ ಪ್ರಶ್ನೆ ಒಂದು ದಿನವೂ ಯಾರೂ ಕೇಳಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅಳತೆ ಗೊತ್ತಿರಲಿಲ್ಲ ಅನ್ನುವುದು ಸುಳ್ಳು. ಜಾಸ್ತಿ ಗೊತ್ತಿತ್ತು, ಅದೇ ತೊಂದರೆ. ರಾಫೆಲ್ ಅನ್ನುವ ಇಟಲಿಯ ದೊಡ್ಡ ಚಿತ್ರಗಾರ 1520ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಮನುಷ್ಯನ ಮೈಯನ್ನು ಇದ್ದದ್ದು ಇದ್ದ ಹಾಗೆ, ಹದವಾಗಿ ಬರೆಯುವ ವಿದ್ಯೆ ಪೂರ್ತಿ ಕೈಗೆ ಬಂದಿತ್ತು. ಮುಂದಿನ ಹುಡುಗರಿಗೆ ಏನು ಉಳೀತು? ಅವರು ಇದ್ದದ್ದನ್ನು ಎಳೆದರು, ತಿರುಚಿದರು, ಉದ್ದ ಮಾಡಿದರು. 'ಮಾನಿಯೆರಾ' ಅಂದರೆ ಇಟಾಲಿಯನ್ನಿನಲ್ಲಿ ರೀತಿ, ಶೈಲಿ. ಅದರಿಂದಲೇ ಈ ಕಾಲದ ಕಲೆಗೆ ಮ್ಯಾನರಿಸಂ ಅನ್ನುತ್ತಾರೆ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಸೈನಿಕರು ರೋಮ್ ಊರನ್ನು ಲೂಟಿ ಮಾಡಿದರು. ಅಲ್ಲಿದ್ದ ಕಲಾವಿದರು ದಿಕ್ಕಾಪಾಲಾದರು. ಅವರಲ್ಲಿ ಪಾರ್ಮಿಜಾನಿನೊ ಒಬ್ಬ. ಅವನು 1534ರಲ್ಲಿ ಹಿಡಿದ ಮೇರಿಯ ಚಿತ್ರ ಫ್ಲಾರೆನ್ಸಿನಲ್ಲಿದೆ. ಅದರ ಹೆಸರೇ ಉದ್ದ ಕುತ್ತಿಗೆಯ ಮೇರಿ. ಹಿಂದೆ ಕಂಬ ಇದೆ, ಕಂಬದ ಮೇಲೆ ಹೊರಲು ಏನೂ ಇಲ್ಲ. 1540ರಲ್ಲಿ ಅವನು ಸತ್ತಾಗಲೂ ಚಿತ್ರ ಮುಗಿದಿರಲಿಲ್ಲ. ನಿಮ್ಮ ಕೊಕ್ಕರೆ ಕುತ್ತಿಗೆ ಅದೇ ಮನೆತನದ್ದು.

ತಿರುಚಿದ ಮೈಗೂ ಒಂದು ಲೆಕ್ಕ ಇತ್ತು. ಮೈಯನ್ನು ಹಾವು ಹೊರಳಿದ ಹಾಗೆ, ಉರಿ ಮೇಲೇಳುವ ಹಾಗೆ ಬರೆಯಬೇಕು ಅಂತ ಆ ಕಾಲದ ದೊಡ್ಡ ಶಿಲ್ಪಿ, ಚಿತ್ರಗಾರ ಮೈಕೆಲೇಂಜೆಲೊ ಶಿಷ್ಯನಿಗೆ ಹೇಳಿಕೊಟ್ಟಿದ್ದನಂತೆ. ಲೊಮಾಝೊ ಅನ್ನುವವನು 1584ರಲ್ಲಿ ಇದನ್ನು ಬರೆದಿಟ್ಟಿದ್ದಾನೆ. ದೀಪದ ಕುಡಿಯನ್ನು ನೋಡಿ. ನೆಟ್ಟಗೆ ನಿಲ್ಲಲ್ಲ, ಬೀಳುವುದೂ ಇಲ್ಲ.

ಒಬ್ಬರು ಇನ್ನೊಬ್ಬರನ್ನು ಮಂಡಿಯಡಿ ಒತ್ತಿ ನಿಲ್ಲುವ ಭಂಗಿಗೂ ಮೈಕೆಲೇಂಜೆಲೊನೇ ದೊಡ್ಡ ಮಾದರಿ. ಫ್ಲಾರೆನ್ಸಿನ ಹಳೇ ಅರಮನೆಯಲ್ಲಿ ಅವನ 'ವಿಜಯ' ಅನ್ನುವ ಅಮೃತಶಿಲೆ ಮೂರ್ತಿ ಇದೆ. ಒಬ್ಬ ಹುಡುಗ ಒಬ್ಬ ಮುದುಕನ ಬೆನ್ನ ಮೇಲೆ ಮಂಡಿ ಊರಿದ್ದಾನೆ. ಗೆದ್ದವನ ಮುಖ ನೋಡಿದರೆ ಗೆದ್ದ ಖುಷಿ ಇಲ್ಲ. ಎಲ್ಲೋ ನೋಡುತ್ತಿದ್ದಾನೆ. ಮುಂದೆ ಬಂದವರು ಇದನ್ನೇ ಹಿಡಿದು ಸದ್ಗುಣ ದುರ್ಗುಣ, ಮರ್ಯಾದೆ ಮೋಸ ಅಂತ ಬೇರೆ ಬೇರೆ ಹೆಸರಲ್ಲಿ ಮಾಡಿದರು. ವಿನ್ಸೆಂಜೊ ದಾಂತಿ 1561ರಲ್ಲಿ ಮಾಡಿದ ಕಲ್ಲಿನ ಜೋಡಿಗೆ 'ಸುಳ್ಳನ್ನು ಗೆದ್ದ ಮರ್ಯಾದೆ' ಅಂತಲೇ ಹೆಸರು.

ಇನ್ನು ಗುರುತು. ಮುಖ ನೋಡಬೇಡಿ. ತಲೆ, ಕೈ, ಪಾದ ನೋಡಿ. ಶಿರಸ್ತ್ರಾಣ, ಈಟಿ ಇದ್ದರೆ ಅವಳು ಮಿನರ್ವ, ಬುದ್ಧಿಯ ದೇವತೆ, ಸದ್ಗುಣದ ಕಡೆಯವಳು. ಮುಖವಾಡ ಇದ್ದರೆ ಮೋಸ. ಕತ್ತೆ ಕಿವಿ ಇದ್ದರೆ ಅಜ್ಞಾನ. ಕೂದಲಲ್ಲಿ ಹಾವು ಇದ್ದರೆ ಹೊಟ್ಟೆಕಿಚ್ಚು. 1593ರಲ್ಲಿ ಚೇಸರೆ ರಿಪಾ ಅನ್ನುವವನು ಇಂಥ ಗುರುತುಗಳನ್ನೆಲ್ಲ ಪಟ್ಟಿ ಮಾಡಿ ಪುಸ್ತಕವನ್ನೇ ತಂದ. 1603ರ ಮುದ್ರಣದಲ್ಲಿ ಚಿತ್ರಗಳನ್ನೂ ಸೇರಿಸಿದ. ಹಾಗಾಗಿ ನಿಮ್ಮ ಚಿತ್ರದಲ್ಲಿ ಮೇಲಿರುವವಳು ಸದ್ಗುಣ. ಗ್ಯಾರಂಟಿ.

ಕೆಟ್ಟದ್ದು ಚೆಲುವಾಗಿ ಇರುವುದು ಅವರ ಬೇಕಂತಲೇ ಮಾಡಿದ ಆಟ. ಬ್ರಾಂಝೀನೊ ಅನ್ನುವವನ ಒಂದು ವರ್ಣಚಿತ್ರ ಲಂಡನ್ನಿನಲ್ಲಿದೆ, ಸುಮಾರು 1545ರದ್ದು. ಅದರ ಮೂಲೆಯಲ್ಲಿ ಒಬ್ಬ ಹುಡುಗಿ ಜೇನುಗೂಡಿನ ತುಂಡು ಕೊಡುತ್ತಿದ್ದಾಳೆ. ಮುದ್ದಾದ ಮುಖ. ಕೆಳಗೆ ನೋಡಿದರೆ ಮೈ ಹಾವಿನದು, ಬಾಲದ ತುದಿಯಲ್ಲಿ ಮುಳ್ಳು. ಇನ್ನೂ ಹತ್ತಿರ ಹೋದರೆ ಎರಡು ಹಸ್ತಗಳೂ ಅದಲು ಬದಲು. ಬಲಗೈಗೆ ಎಡ ಹಸ್ತ, ಎಡಗೈಗೆ ಬಲ ಹಸ್ತ. ಮೊದಲ ಸಲ ಇದು ಕಂಡಾಗ ನಾನು ನನ್ನ ಎರಡೂ ಕೈ ಮುಂದೆ ಹಿಡಿದು ಹೋಲಿಸಿ ನೋಡಿದ್ದೆ. ಹೆಂಡತಿ ಏನಾಯಿತು ಅಂತ ಓಡಿ ಬಂದಳು.

ಐದನೇ ಕೈ ಬಗ್ಗೆ ಚಿಂತೆ ಬೇಡ. ಅದು ಕಲಾವಿದ ಮನಸ್ಸು ಬದಲಾಯಿಸಿದ ಗುರುತು. ಮಸಿಯನ್ನು ಅಳಿಸಲು ಬರುವುದಿಲ್ಲ. ಈಟಿ ಹಿಡಿದ ಕೈ ಮೊದಲು ಕೆಳಗಿತ್ತು, ಆಮೇಲೆ ಮೇಲಕ್ಕೆ ಎತ್ತಿದ, ಅಷ್ಟೇ. ಗೋಡೆ ಚಿತ್ರಕ್ಕೂ ಅಚ್ಚಿನ ಚಿತ್ರಕ್ಕೂ ಮುಂಚೆ ಮಾಡಿಕೊಂಡ ತಯಾರಿ ಇಂಥವು. ನನಗೆ ಮುಗಿದ ವರ್ಣಚಿತ್ರಕ್ಕಿಂತ ಇವೇ ಇಷ್ಟ. ಗೋಡೆಯ ಮೇಲೆ ಸದ್ಗುಣ ಗೆದ್ದಾಗಿರುತ್ತೆ. ಕಾಗದದ ಮೇಲೆ ಇನ್ನೂ ಕೈ ಎಲ್ಲಿಡಲಿ ಅಂತ ಹುಡುಕುತ್ತಿರುತ್ತೆ.

ಹೆಂಗಸರೇ ಯಾಕೆ ಅಂದರೆ, ಅದು ಅವರ ವ್ಯಾಕರಣದ ಮಹಿಮೆ. ನಮ್ಮಲ್ಲಿ ಸದ್ಗುಣ ಅಂದರೆ 'ಅದು'. ಲ್ಯಾಟಿನ್ನಿನಲ್ಲಿ 'ವಿರ್ತುಸ್' ಸ್ತ್ರೀಲಿಂಗ. ತಮಾಷೆ ಏನು ಗೊತ್ತಾ? ಆ ಪದ ಹುಟ್ಟಿದ್ದು 'ವಿರ್' ಅನ್ನುವುದರಿಂದ. ವಿರ್ ಅಂದರೆ ಗಂಡಸು. ಗಂಡಸುತನ, ಪರಾಕ್ರಮ ಅನ್ನುವ ಪದಕ್ಕೆ ಸೀರೆ ಉಡಿಸಿದ ಹಾಗೆ. ಇದನ್ನು ನಿಮ್ಮ ವಸ್ತಾದರಿಗೆ ಹೇಳಿ ನೋಡಿ.

ಸಾರಥಿ_ಬಳ್ಳಾರಿ

ಮಾಸ್ತರು ಹೇಳಿದ್ದಕ್ಕೆ ನಂದೊಂದು ಒಗ್ಗರಣೆ. ನಾನು ದೊಡ್ಡಾಟದಲ್ಲಿ ಸಾರಥಿ ಮಾಡುತ್ತಿದ್ದವನು. ಪಾತ್ರ ರಂಗಕ್ಕೆ ಬಂದ ಕೂಡಲೇ ನಾನು ಕೇಳಬೇಕು. "ತಾವು ಯಾರು, ತಮ್ಮ ನಾಮಾಂಕಿತವೇನು, ಇಲ್ಲಿಗೆ ಬಂದ ಕಾರಣವೇನು?" ಅವನು ಎದೆ ತಟ್ಟಿ ಹೇಳಿಕೊಳ್ಳುತ್ತಾನೆ. ರಾಕ್ಷಸನಾದರೂ ನಾನು ರಾಕ್ಷಸ ಅಂತ ಜಂಬದಿಂದಲೇ ಹೇಳುತ್ತಾನೆ. ಹಿಂದಿನ ಸಾಲಿನಲ್ಲಿ ನಿದ್ದೆ ಹೊಡೆಯುತ್ತಿದ್ದ ಮುದುಕನಿಗೂ ಯಾರು ಯಾವ ಕಡೆ ಅಂತ ಗೊತ್ತಾಗುತ್ತೆ.

ಕಾಗದದಲ್ಲಿ ಸಾರಥಿ ಇಲ್ಲ. ಅದಕ್ಕೇ ಕತ್ತೆ ಕಿವಿ, ಮುಖವಾಡ, ಈಟಿ. ಅವೇ ಸಾರಥಿ ಕೆಲಸ ಮಾಡುತ್ತವೆ.

ಆದರೆ ಕುಂಚದಣ್ಣ, ಗಂಗಾವತಿ ಹುಡುಗರಿಗೆ ಮುಖವಾಡ ತೋರಿಸಿದರೆ ಮೋಸ ಅಂತ ತಿಳಿಯಲ್ಲ. ಯುಗಾದಿ ಜಾತ್ರೆಯಲ್ಲಿ ಮಾರುವ ಸಾಮಾನು ಅಂದುಕೊಳ್ಳುತ್ತಾರೆ. ಕತ್ತೆ ಕಿವಿ ಮಾತ್ರ ಎಲ್ಲರಿಗೂ ತಿಳಿಯುತ್ತೆ. ಅದನ್ನು ಬಿಡಬೇಡಿ.

ಕುಂಚ_ಗಂಗಾವತಿ

ಮಾಸ್ತರೇ, ನಿಮ್ಮ ಕಾಲಿಗೆ ಬೀಳಬೇಕು. ಬ್ರಾಂಝೀನೊ ಚಿತ್ರ ಹುಡುಕಿ ನೋಡಿದೆ. ಹಸ್ತ ನಿಜವಾಗಿಯೂ ಅದಲು ಬದಲು. ರಾತ್ರಿ ನಿದ್ದೆ ಬರಲಿಲ್ಲ.

ಸಾರಥಿಯಣ್ಣ ಕತ್ತೆ ಕಿವಿ ಅಂದಿದ್ದು ಕೇಳಿ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ಮುಚ್ಚಿಡುವುದು ಏನಿದೆ, ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಡೆ ಕಮಾನು ಬರೆದುಕೊಟ್ಟೆ. ಹತ್ತೊಂಬತ್ತು ದಿನದ ಕೆಲಸ. ಬಣ್ಣ ನನ್ನದೇ. ಅಡ್ವಾನ್ಸ್ ಬಿಟ್ಟರೆ ಒಂದು ರೂಪಾಯಿ ಬಂದಿಲ್ಲ. ಕೇಳಲು ಹೋದರೆ "ಸಿಂಹದ ಮುಖ ನಾಯಿ ಥರ ಆಗಿದೆ, ಅದಕ್ಕೇ ಕೊಟ್ಟಿಲ್ಲ" ಅಂದರು. ಎಲ್ಲರ ಎದುರಿಗೆ. ಆ ಮುಖಂಡರ ಮುಖ ನನಗೆ ಬಾಯಿಪಾಠ. ಮೂಗು, ಮೀಸೆ, ಕೆನ್ನೆ ಮೇಲಿನ ನರುಳ್ಳೆ ಸಮೇತ. ದುರ್ಗುಣಕ್ಕೆ ಹೇಗೂ ಒಂದು ಮುಖ ಬೇಕಲ್ಲ. ಅವರದ್ದೇ ಇಟ್ಟು, ಎರಡು ಉದ್ದನೆಯ ಕಿವಿ ಹಚ್ಚಿದರೆ ಹೇಗೆ?

ನಗಬೇಡಿ. ನಿಜವಾಗಿ ಕೇಳುತ್ತಿದ್ದೇನೆ.

ಕಿನ್ನಾಳದ_ಮಗಳು

ಅಣ್ಣಾ, ನಾವು ಚಿತ್ರಗಾರರ ಮನೆಯವರು. ನಮ್ಮಪ್ಪನಿಗೆ ನಿಮ್ಮ ಬರಹ ಓದಿ ಹೇಳಿದೆ. ಸಿಂಹ ನಾಯಿ ಆಗಿದ್ದು ಕೇಳಿ ತುಂಬಾ ನಕ್ಕರು. ಆಮೇಲೆ "ನಮಗೂ ಅಂದಾರ" ಅಂದರು.

ಮುಖದ ವಿಷಯ ದೊಡ್ಡವರಿಗೆ ಬಿಡುತ್ತೇನೆ. ನನಗೆ ಆ ಕಂದು ಮಸಿ ಕಾಡುತ್ತಿದೆ. ಅವರು ಹೆಚ್ಚಾಗಿ ಬಳಸುತ್ತಿದ್ದ ಮಸಿ ಬರೆದ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತಿತ್ತು. ಓಕ್ ಮರದ ಮೇಲೆ ಹುಳ ಮೊಟ್ಟೆಯಿಟ್ಟಾಗ ಆಗುವ ಗಂಟುಗಳನ್ನು ನೆನೆಸಿ, ಅದಕ್ಕೆ ಕಬ್ಬಿಣದ ಉಪ್ಪು ಹಾಕುತ್ತಿದ್ದರು. ವರ್ಷಗಳು ಕಳೆದ ಮೇಲೆ ಅದು ಕಂದು ಆಗುತ್ತೆ. ಕೆಲವು ಕಡೆ ಕಾಗದವನ್ನೇ ತಿಂದು ತೂತು ಮಾಡುತ್ತೆ. ಕಲಂಕಾರಿಯವರ ಕಪ್ಪೂ ಇದೇ ಜಾತಿಯದ್ದು. ಅಳಲೆಕಾಯಿ ರಸದಲ್ಲಿ ಅದ್ದಿದ ಬಟ್ಟೆ, ಅದರ ಮೇಲೆ ತುಕ್ಕು ಕಬ್ಬಿಣ ಮತ್ತು ಬೆಲ್ಲ ಕೊಳೆಸಿದ ನೀರು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ದೀಪದ ಕಾಡಿಗೆಯಿಂದ ಮಾಡಿದ ಮಸಿ ಹೀಗೆ ಬಣ್ಣ ಬದಲಿಸಲ್ಲ. ನೀವು ಗೋಡೆಗೆ ಅದೇ ಕಂದು ಬಣ್ಣ ಹಾಕಿದರೆ, ಬಹುಶಃ ಅವರು ಹಾಕದೇ ಇದ್ದ ಬಣ್ಣ ಹಾಕಿದ ಹಾಗೆ.

ದೊಡ್ಡದು ಮಾಡಲು ಅವರೂ ಚೌಕವೇ ಹಾಕುತ್ತಿದ್ದರು. ಎಷ್ಟೋ ಹಳೇ ಹಾಳೆಗಳ ಮೇಲೆ ಚೌಕದ ಗೆರೆ ಇನ್ನೂ ಕಾಣುತ್ತೆ. ಇನ್ನೊಂದು ದಾರಿ ಗೋಡೆಯಷ್ಟೇ ದೊಡ್ಡ ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಲ ಪುಡಿಯ ಗಂಟಿನಿಂದ ತಟ್ಟುವುದು. ರಂಗೋಲಿ ಅಚ್ಚು ತಟ್ಟಿದ ಹಾಗೇ. ನಿಮಗೆ ಇದು ಹೊಸದಲ್ಲ ಬಿಡಿ.

ಕೆಟ್ಟದ್ದು ಚೆಲುವಾಗಿದೆ ಅಂತ ಆಶ್ಚರ್ಯ ಪಟ್ಟಿರಲ್ಲ. ಹಂಪಿಗೆ ಹೋದಾಗ ವಿರೂಪಾಕ್ಷನ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿ. ಶಿವ ತಪಸ್ಸಿಗೆ ಕೂತಿದ್ದಾನೆ. ಮನ್ಮಥ ಬಾಣ ಹೂಡಿದ್ದಾನೆ. ತಪಸ್ಸು ಕೆಡಿಸಲು ಬಂದವನು, ಬೂದಿಯಾಗುವವನು. ಆದರೂ ಅವನನ್ನು ಯಾರಾದರೂ ಕುರೂಪಿಯಾಗಿ ಬರೆಯುತ್ತಾರಾ? ಕಬ್ಬಿನ ಬಿಲ್ಲು, ಹೂವಿನ ಬಾಣ. ಕುರೂಪಿಯಾಗಿದ್ದರೆ ಅವನ ಬಾಣಕ್ಕೆ ಯಾರು ಹೆದರುತ್ತಿದ್ದರು.

ರಾಯಚೂರು_ಡ್ರಾಯಿಂಗ್_ಮಾಸ್ತರ

ಕುಂಚದವರೇ, ಮುಖ ಮತ್ತು ಕಿವಿಯ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಕಥೆ ಕೇಳಿ. ನಡೆದದ್ದು.

ಫೆಡೆರಿಕೊ ಝುಕ್ಕಾರಿ ಅಂತ ಒಬ್ಬ ದೊಡ್ಡ ಕಲಾವಿದ. ಪೋಪ್ ಹದಿಮೂರನೇ ಗ್ರೆಗರಿಯ ಕಾಲ. ಪೋಪರ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಪಾವೊಲೊ ಗಿಸೆಲ್ಲಿ ಇವನ ಕೈಲಿ ಬೊಲೊನ್ಯಾದ ಚರ್ಚಿಗೆ ಒಂದು ಚಿತ್ರ ಬರೆಸಿದ. ಬೊಲೊನ್ಯಾದ ಕಲಾವಿದರು ಅದು ಸರಿ ಇಲ್ಲ ಅಂದರು. ಚಿತ್ರ ವಾಪಸ್ ಬಂತು. ಕೆಲಸ ಬೇರೆಯವನ ಪಾಲಾಯಿತು. ನಿಮ್ಮ ಸಿಂಹ, ನಾಯಿ ಕಥೆಯೇ.

ಝುಕ್ಕಾರಿ ಸುಮ್ನೆ ಕೂರಲಿಲ್ಲ. 'ಸದ್ಗುಣದ ಬಾಗಿಲು' ಅಂತ ದೊಡ್ಡ ಚಿತ್ರ ಮಾಡಿದ. ಬಾಗಿಲಲ್ಲಿ ಮಿನರ್ವ ನಿಂತಿದ್ದಾಳೆ, ಕಾಲ ಕೆಳಗೆ ದುರ್ಗುಣ. ಹೊರಗೆ ಹೊಟ್ಟೆಕಿಚ್ಚು, ಅಜ್ಞಾನ, ಕತ್ತೆ ಕಿವಿ. ಅದನ್ನು 1581ರ ಅಕ್ಟೋಬರ್ 18ರಂದು ರೋಮಿನ ಸಂತ ಲೂಕನ ಚರ್ಚಿನ ಹೊರಗೆ ಎಲ್ಲರಿಗೂ ಕಾಣುವ ಹಾಗೆ ತೂಗು ಹಾಕಿಸಿದ. ಲೂಕ ಅಂದರೆ ಚಿತ್ರಗಾರರ ದೇವರು. ಆವತ್ತೇ ಅವನ ಹಬ್ಬ. ಊರಿನ ಕಲಾವಿದರೆಲ್ಲ ಅಲ್ಲಿಗೇ ಬರುವ ದಿನ. ಕಿವಿ ಯಾರದ್ದು ಅಂತ ನೋಡಿದವರಿಗೆ ತಿಳಿಯಿತು. ವಿಚಾರಣೆ ನಡೆಯಿತು. ಪೋಪ್ ಇವನನ್ನು ತನ್ನ ರಾಜ್ಯದಿಂದಲೇ ಹೊರಗೆ ಹಾಕಿದರು. ಆಗ ಅವನು ಪೋಪರ ಅರಮನೆಯ ಕೆಲಸವನ್ನೇ ಹಿಡಿದಿದ್ದ. ಅದು ಅರ್ಧಕ್ಕೆ ನಿಂತಿತು. ಆಮೇಲೆ ಕ್ಷಮೆ ಸಿಕ್ಕಿ ವಾಪಸ್ ಬಂದ, ಅದು ಬೇರೆ ಮಾತು. ಆ ಚಿತ್ರಕ್ಕೆ ಮಾಡಿಕೊಂಡ ರೇಖಾಚಿತ್ರಗಳು ಇವತ್ತಿಗೂ ಉಳಿದಿವೆ.

ಅವನಿಗೆ ಪೋಪರ ಅರಮನೆ ಇತ್ತು. ನಿಮಗೆ ಗಂಗಾವತಿ ಬಿಟ್ಟರೆ ಯಾವ ಊರಿದೆ? ಯೋಚನೆ ಮಾಡಿ.

ಹೆಂಗಸರು ಬೇಡ ಅಂದರಲ್ಲ, ಅದಕ್ಕೆ ನನ್ನ ಹತ್ತಿರ ಉಪಾಯ ಇದೆ. ಹರ್ಕ್ಯುಲಿಸ್ ಮತ್ತು ಅಂಟಿಯಸ್ ಬರೆಯಿರಿ. ಹರ್ಕ್ಯುಲಿಸ್ ಅಂದರೆ ನಮಗೆ ಸೈಕಲ್ಲು. ಅವರಿಗೆ ಅವನು ಪುರಾಣದ ವೀರ, ಅವನೇ ಸದ್ಗುಣ. ಅಂಟಿಯಸ್ ಭೂಮಿತಾಯಿಯ ಮಗ, ದೊಡ್ಡ ಕುಸ್ತಿಪಟು. ದಾರಿಹೋಕರನ್ನು ಕುಸ್ತಿಗೆ ಕರೆದು ಕೊಲ್ಲುತ್ತಿದ್ದ. ಎಷ್ಟು ಸಲ ನೆಲಕ್ಕೆ ಕೆಡವಿದರೂ ಅಷ್ಟು ಸಲ ತಾಯಿಯಿಂದ ಹೊಸ ಬಲ ಬರುತ್ತಿತ್ತು. ಹರ್ಕ್ಯುಲಿಸ್ ಅವನನ್ನು ನೆಲದಿಂದ ಎತ್ತಿ, ಎದೆಗೆ ಅಮುಕಿ, ಗಾಳಿಯಲ್ಲೇ ಸಾಯಿಸಿದ. ಅಂಟಿಯಸ್ ಅಂದರೆ ಮಣ್ಣಿನ ಆಸೆ, ಕಾಮ ಅಂತ ಹಳೇ ಪಂಡಿತರು ಅರ್ಥ ಹೇಳುತ್ತಿದ್ದರು. ಮೈಕೆಲೇಂಜೆಲೊ ಈ ಜೋಡಿಯನ್ನು ಕೆಂಪು ಕಡ್ಡಿಯಲ್ಲಿ ಬರೆದ ಹಾಳೆ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಹುಡುಕಿ ನೋಡಿ. ಮೈಯ ಒಂದೊಂದು ಮಾಂಸಖಂಡವೂ ಕಾಣುತ್ತೆ. ಫ್ಲಾರೆನ್ಸ್ ಹತ್ತಿರದ ಕಾಸ್ತೆಲ್ಲೊ ತೋಟದಲ್ಲಿ 1560ರ ಸುಮಾರಿಗೆ ಅಮ್ಮನಾತಿ ಇದೇ ಜೋಡಿಯನ್ನು ಕಂಚಿನಲ್ಲಿ ಮಾಡಿ ಕಾರಂಜಿಯ ಮೇಲೆ ನಿಲ್ಲಿಸಿದ. ಹಿಂಡಿದ ರಭಸಕ್ಕೆ ಅಂಟಿಯಸನ ಬಾಯಿಂದ ನೀರು ಚಿಮ್ಮುವ ಹಾಗೆ.

ಸಾರಥಿ_ಬಳ್ಳಾರಿ

ಮಾಸ್ತರೇ, ಆ ಕೆಂಪು ಕಡ್ಡಿಯ ಕೆಂಪು ಎಲ್ಲಿಂದ ಬರುತ್ತೆ ಹೇಳಿ? ಹೆಮಟೈಟ್. ನಮ್ಮ ಸಂಡೂರಿನ ಅದಿರು ಅದೇ. ಅವರು ಕಾಗದದ ಮೇಲೆ ಉಜ್ಜಿ ಹೆಸರು ಮಾಡಿದರು. ನಾವು ಲಾರಿ ಹಿಂದೆ ಬೈಕಿನಲ್ಲಿ ಹೋಗಿ ಮುಖಕ್ಕೆಲ್ಲ ಹಚ್ಚಿಕೊಂಡೆವು.

ಕುಂಚ_ಗಂಗಾವತಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಡೆದದ್ದನ್ನೆಲ್ಲ ಹೇಳುತ್ತೇನೆ.

ಮೊದಲು ಮಗಳ ಚಿತ್ರವನ್ನೇ ವಸ್ತಾದರಿಗೆ ಫೋನಿನಲ್ಲಿ ತೋರಿಸಿದೆ. ಹೆಂಗಸರಾದರೂ ಭಂಗಿ ನೋಡಿ ಅಂದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳಿನಿಂದ ದೊಡ್ಡದು ಮಾಡಿ ಪಾದ ನೋಡಿದರು. ಮಾಸ್ತರು ಹೇಳಿದ ಹಾಗೇ, ಮುಖ ನೋಡಲೇ ಇಲ್ಲ. ಆಮೇಲೆ ಇಬ್ಬರು ಹುಡುಗರನ್ನು ಕರೆದರು. ಒಬ್ಬ ಎಂಬತ್ತು ಕೆಜಿ, ಇನ್ನೊಬ್ಬ ಸ್ವಲ್ಪ ಕಡಿಮೆ. ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಂಕಣಕ್ಕೆ ಇಳಿಸಿ, ಹೀಗೇ ನಿಲ್ಲಿ ಅಂದರು. ಮಂಡಿ ಸೊಂಟದ ಮೇಲೆ, ಎದೆ ಈ ಕಡೆ, ಮುಖ ಆ ಕಡೆ. ಈಟಿಗೆ ಬದಲು ಸಲಿಕೆ ಕೊಟ್ಟೆವು.

ಹತ್ತು ಎಣಿಸುವಷ್ಟರಲ್ಲಿ ಮೇಲಿನವನು ದಬಾರ್ ಅಂತ ಬಿದ್ದ. ಮತ್ತೆ ಮಾಡಿಸಿದರು. ಮತ್ತೆ ಬಿದ್ದ. ಮೂರನೇ ಸಲ ನಿಂತ. ಹೇಗೆ ಅಂದರೆ, ಕೆಳಗಿದ್ದವನು ಅವನ ಹಿಮ್ಮಡಿ ಹಿಡಿದುಕೊಂಡ. ವಸ್ತಾದರು ಚಪ್ಪಾಳೆ ಹೊಡೆದರು. "ನೋಡು, ಚಿತ್ರದಾಗೂ ಹಂಗ ಐತಿ." ನಾನು ಫೋನ್ ತೆಗೆದು ನೋಡಿದೆ. ಹೌದು. ಕೆಳಗಿನವಳ ಎಡಗೈ ಮೇಲಿನವಳ ಹಿಮ್ಮಡಿ ಹಿಂದೆ ಇದೆ. ಇಷ್ಟು ದಿನ ಅದನ್ನು ಬಟ್ಟೆಯ ನಿರಿಗೆ ಅಂದುಕೊಂಡಿದ್ದೆ. ದೂಡುತ್ತಿದ್ದಾಳೋ ಹಿಡಿದುಕೊಂಡಿದ್ದಾಳೋ ಗೊತ್ತಾಗಲ್ಲ. "ಬೆನ್ನು ಇನ್ನಾ ಮಣ್ಣಿಗೆ ತಾಗಿಲ್ಲ. ಒಂದು ಭುಜ ಮೇಲೈತಿ. ಈ ಕುಸ್ತಿ ಮುಗಿದಿಲ್ಲ" ಅಂದರು. ನಾಲ್ಕು ನೂರು ವರ್ಷದ ಕಾಗದಕ್ಕೆ ಗಂಗಾವತಿ ವಸ್ತಾದರು ಪಂಚಾಯ್ತಿ ಮಾಡಿದ ಹಾಗಾಯಿತು.

ಆಮೇಲೆ ಹರ್ಕ್ಯುಲಿಸ್ ಕಥೆ ಹೇಳಿದೆ. ಕೇಳಿ ಹುಬ್ಬು ಗಂಟು ಹಾಕಿದರು. "ಇದೇನು ಉಲ್ಟಾ ಕುಸ್ತಿ? ಕೆಡವಿದರೆ ಸೋಲು ಅಂದರೆ ಹೆಂಗ?" ನಿಜ ಅಲ್ವಾ. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿಸಿದರೆ ಗೆಲುವು. ಇಲ್ಲಿ ಮಣ್ಣು ತಾಗಿಸಿದರೆ ಎದುರಾಳಿಗೆ ಬಲ ಬರುತ್ತೆ. ಎತ್ತಿಕೊಂಡೇ ಇರಬೇಕು. "ಎಷ್ಟೊತ್ತು ಎತ್ತಿಕೊಂಡಿರಬೇಕು?" ಅಂತ ಕೇಳಿದರು. ಸಾಯುವ ತನಕ ಅಂದೆ. ಯಾರು ಸಾಯುವ ತನಕ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮೂಲೆಯಲ್ಲಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಒಬ್ಬರು, ಹಮಾಲಿ ಕೆಲಸದವರು, ಆರು ವರ್ಷದ ಹಿಂದೆ ಕುಡಿತ ಬಿಟ್ಟವರು, ತಲೆ ಎತ್ತದೇ "ಅದನ್ನೇ ಬರೀರಿ" ಅಂದರು. ಅಷ್ಟೇ. ವಸ್ತಾದರು ಮತ್ತೆ ಏನೂ ಕೇಳಲಿಲ್ಲ.

ಬಾಯಿಂದ ನೀರು ಚಿಮ್ಮುವುದು ಹೇಳಿದಾಗ ಮಾತ್ರ ಹುಡುಗರು ಬಿದ್ದು ಬಿದ್ದು ನಕ್ಕರು. ಕುಡಿದವರ ವಾಂತಿ ಇದ್ದ ಹಾಗೇ ಇದೆ ಅಂತ. ಅದನ್ನು ಬರೆಯಲೇಬೇಕು ಅಂತ ಹಟ. ಹನುಮಪ್ಪನ ಎದುರಿಗೆ ವಾಂತಿ ಬೇಡ ಅಂತ ಕೊನೆಗೆ ತೀರ್ಮಾನ ಆಯಿತು. ಬಾಯಿ ತೆರೆದಿರುತ್ತೆ, ನೀರು ಇರಲ್ಲ. ಸೊಂಟಕ್ಕೆ ಇಸ್ಪೀಟು ಎಲೆ ಸಿಕ್ಕಿಸಿದ್ದೇನೆ, ರಾಜ, ರಾಣಿ, ಗುಲಾಮ. ಒಂದು ಎಲೆ ಕೆಳಗೆ ಬೀಳುತ್ತಿದೆ.

ಕತ್ತೆ ಕಿವಿ ಇಟ್ಟಿದ್ದೇನೆ ಸಾರಥಿಯಣ್ಣ. ಮುಖ ಇಟ್ಟಿಲ್ಲ. ಎತ್ತಿ ಹಿಡಿದಾಗ ತಲೆ ಹಿಂದಕ್ಕೆ ಜೋತು ಬಿದ್ದಿದೆ, ಗದ್ದ ಮತ್ತು ಮೂಗಿನ ಹೊಳ್ಳೆ ಅಷ್ಟೇ ಕಾಣುತ್ತೆ. ಝುಕ್ಕಾರಿ ಕಥೆ ಕೇಳಿ ಹೆದರಿದೆ ಅಂತ ಅಂದುಕೊಳ್ಳಿ ಬೇಕಾದರೆ. ಆದರೂ ಮೊನ್ನೆ ಒಬ್ಬ ಹುಡುಗ ಬಂದು "ಕಾಕಾ, ಈ ಮೂಗಿನ ಹೊಳ್ಳೆ ಎಲ್ಲೋ ನೋಡೀನಲ್ಲ" ಅಂದ. ನಾನು ಮಾತಾಡಲಿಲ್ಲ. ಬಣ್ಣ ಕಲಸುತ್ತಿದ್ದೆ.

ಈಗ ಬೇರೆ ಸಮಸ್ಯೆ. ಮಟ್ಟಿಗೆ ದಿನಾ ನೀರು, ಎಣ್ಣೆ, ಮಜ್ಜಿಗೆ ಹಾಕುತ್ತಾರಲ್ಲ, ಅದರ ತೇವ ಗೋಡೆಯ ಕೆಳಗಿನ ಎರಡು ಅಡಿಗೆ ಏರಿದೆ. ಮೊದಲಿನ ಯೋಜನೆಯಲ್ಲಿ ಆ ಜಾಗದಲ್ಲಿ ದುರ್ಗುಣ ಮಲಗಿರಬೇಕಿತ್ತು. ಕಿತ್ತು ಬಂದರೂ ಚಿಂತೆ ಇರಲಿಲ್ಲ. ಈಗ ಅವನು ಗಾಳಿಯಲ್ಲಿ ಬೆಚ್ಚಗಿದ್ದಾನೆ. ತೇವ ಹರ್ಕ್ಯುಲಿಸನ ಕಾಲಿಗೆ. ಎಡ ಪಾದದ ಬಣ್ಣ ಆಗಲೇ ಹಪ್ಪಳದ ಥರ ಉಬ್ಬಿದೆ. ಯಾವ ಪ್ರೈಮರ್ ಹಾಕಲಿ?

ಕಿನ್ನಾಳದ_ಮಗಳು

ಪ್ರೈಮರ್ ಬೇಡ ಅಣ್ಣಾ, ಒಳಗಿನ ತೇವ ಅದನ್ನೂ ಎಬ್ಬಿಸುತ್ತೆ. ಅಪ್ಪ ಹೇಳಿದ್ದು ಇದು. ಕೆಳಗಿನ ಎರಡು ಅಡಿ ಬಣ್ಣ ಪೂರ್ತಿ ಕೆರೆದು ತೆಗೆಯಿರಿ. ಶಾಬಾದ್ ಬಂಡೆ ಕೂರಿಸಿ. ಪಾದವನ್ನು ಬಂಡೆಯ ಅಂಚಿನ ಮೇಲಕ್ಕೆ ಎತ್ತಿ ಬರೆಯಿರಿ, ಅವನು ಕಲ್ಲಿನ ಮೇಲೆ ನಿಂತ ಹಾಗೆ ಕಾಣಬೇಕು. ಹಳೇ ಪಾದದ ಗೆರೆ ಸ್ವಲ್ಪ ಉಳಿದರೂ ಪರವಾಗಿಲ್ಲ ಅಂದರು.

ಗೋಡೆ ಮುಗಿದ ಮೇಲೆ ಫೋಟೋ ಹಾಕಿ. ಮೂಗಿನ ಹೊಳ್ಳೆ ಹತ್ತಿರದಿಂದ ತೆಗೆಯಿರಿ.